ಬಲಗಾಲಿನ ಮೂಟೆಗಳು

ಬೆಟ್ಟದಾಚೆ ಒಂದು ಊರಿತ್ತಂತೆ. ಆ ಊರಿನವರಿಗೆಲ್ಲ ಎಡಗಾಲಿಗೆ ಮಾತ್ರ ಬೂಟಿತ್ತಂತೆ, ಬಲಗಾಲಿಗೆ ಗೋಣಿತಾಟು. ಹೀಗೆ ಶುರುವಾಗುವ ಕತೆಯಲ್ಲಿ ಒಬ್ಬ ರಾಕ್ಷಸನೋ ಮಾಟಗಾತಿಯೋ ಇರಬೇಕು. ಈ ಕತೆಯಲ್ಲಿ ಇದ್ದದ್ದು ಬೆಟ್ಟದ ಈಚೆಯ ಒಬ್ಬ ಉಗ್ರಾಣಿ. ದೇಶದೇಶಗಳಿಂದ ಬಂದ ಪರಿಹಾರದ ಸಾಮಾನನ್ನು ಇಪ್ಪತ್ತಾರು ವರ್ಷ ಕಾದವನು, ಗೋದಾಮಿನ ಬೀಗದ ಕೈಯನ್ನು ಸ್ನಾನಕ್ಕೆ ಹೋದಾಗಲೂ ಬಿಟ್ಟಿರದವನು. ಅವನನ್ನು ಈಗ ನಾಲ್ವರು ಸೇರಿ ಮಂಚದಿಂದ ಎತ್ತುತ್ತಿದ್ದರು.

"ಕಾಲು ಮೊದಲು, ಕಾಲು ಮೊದಲು! ಅಡ್ಡ ಹಿಡೀಬೇಡ್ರೋ, ಬಾಗಿಲು ಕಿರಿದು," ಎಂದು ಉಗ್ರಾಣಿಯ ತಮ್ಮ ಅಂಗಳದಿಂದ ಕೂಗುತ್ತಿದ್ದ. ಬೆಳಗಿನಿಂದ ಎಲ್ಲದಕ್ಕೂ ಬಾಯಿ ಹಾಕಿದ್ದ, ಯಾವುದಕ್ಕೂ ಕೈ ಹಾಕಿರಲಿಲ್ಲ.

ಮಗಳು ಅಪ್ಪನ ಜಾರಿದ ಕೈಯನ್ನು ಎದೆಯ ಮೇಲೆ ಎತ್ತಿಡುತ್ತಿದ್ದಾಗಲೇ ಲಾರಿ ಹಿಂದುಹಿಂದಕ್ಕೆ ಬಂದು ಮನೆಯ ಮುಂದೆ ನಿಂತಿತು. ಸ್ಮಶಾನಕ್ಕೆಂದು ಹೇಳಿದ್ದ ಲಾರಿಯೇ. ಆದರೆ ಖಾಲಿ ಇರಲಿಲ್ಲ. ಅದರ ತುಂಬ ಮೂಟೆಗಳಿದ್ದವು.

ಡ್ರೈವರ್ ಅಪ್ಪನ ಹಳೆಯ ಜೊತೆಗಾರ. ಇಳಿದವನು ಹೆಣದ ಕಡೆ ನೋಡದೆ ನೇರ ಮಗಳ ಬಳಿ ಬಂದ.

"ಗಡಿ ಪಾಸು ಬಂತು ತಾಯಿ. ನಿನ್ನೆ ಸಂಜೆ ನಾಲ್ಕಕ್ಕೆ ಸಹಿಯಾಯ್ತು. ನಿಮ್ಮಪ್ಪ ಮಧ್ಯಾಹ್ನವೇ ಹೊರಟುಬಿಟ್ಟ. ನಾಲ್ಕು ಗಂಟೆ ತಡ್ಕೊಳ್ಳಕ್ಕಾಗಲಿಲ್ಲ ನೋಡು ಮಹಾರಾಯನಿಗೆ."

"ಬೂಟುಗಳಾ ಮಾಮ?"

"ಮೂವತ್ತೆಂಟು ಮೂಟೆ. ಬೆಳಿಗ್ಗೆ ಗೋದಾಮಿನ ಸೀಲು ಒಡೆಸಿ ತುಂಬಿಸಿಕೊಂಡೇ ಬಂದೆ. ಇವತ್ತು ಎರಡು ಗಂಟೆಗೆ ಗಡಿ ಗೇಟು ಮುಚ್ತಾರೆ. ಮೇಲೆ ಹಿಮ ಶುರುವಾಗಿದೆಯಂತೆ. ಇನ್ನು ತೆಗೆಯೋದು ನಾಲ್ಕು ತಿಂಗಳಿಗೆ."

"ಹಾಗಾದ್ರೆ ನೀವು ಹೊರಡಿ ಮಾಮ. ನಾವು ಬೇರೆ ಗಾಡಿ ನೋಡ್ಕೋತೀವಿ."

ಡ್ರೈವರ್ ಜೇಬಿನಿಂದ ಪಾಸು ತೆಗೆದು ಅವಳ ಮುಖಕ್ಕೇ ಹಿಡಿದ. ಮೂಲೆಯಲ್ಲಿ ಅಪ್ಪನ ಫೋಟೋ, ಯಾರ ಮೇಲೋ ಗುಮಾನಿ ಬಂದಂಥ ಅದೇ ಮುಖ. ಕೆಳಗೆ ಒಂದು ಸಾಲು. ಫೋಟೋದಲ್ಲಿರುವ ವ್ಯಕ್ತಿಯು ಸಾಮಾನು ಇಳಿಸಿ ಮುಗಿಯುವವರೆಗೆ ವಾಹನದಲ್ಲಿ ಇರತಕ್ಕದ್ದು. ಬದಲಿಗೆ ಇನ್ನೊಬ್ಬರಿಗೆ ಅವಕಾಶವಿಲ್ಲ.

"ಯಾವ ಪುಣ್ಯಾತ್ಮ ಹಾಕಿದ್ದು ಈ ಷರತ್ತು?"

"ಇನ್ಯಾರು? ನಿಮ್ಮಪ್ಪನೇ. ಕಾಡಿ ಬೇಡಿ ಬರೆಸಿಕೊಂಡ. ನನ್ನನ್ನೂ ನಂಬಲಿಲ್ಲ, ಇಷ್ಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡವನನ್ನ."

\*

ಹುಟ್ಟಿನಿಂದ ಅಪ್ಪ ಹಾಗಿದ್ದವನಲ್ಲ. ಬಹಳ ಹಿಂದೆ ಬೆಟ್ಟದಾಚೆ ನೆರೆ ಬಂದಾಗ ನೀಲಿ ಅಂಚಿನ ಕಂಬಳಿಗಳನ್ನು ಕಳಿಸಿದ್ದ. ತಿಂಗಳಾದ ಮೇಲೆ ಕೊಡೆ ರಿಪೇರಿಗೆಂದು ಪೇಟೆಗೆ ಹೋದವನಿಗೆ ಒಂದು ಅಂಗಡಿಯ ಮುಂದೆ ಅದೇ ನೀಲಿ ಅಂಚು ತೂಗಾಡುವುದು ಕಂಡಿತು. ಮೂಲೆ ತಿರುವಿ ನೋಡಿದರೆ ಅವನದೇ ಉಗ್ರಾಣದ ಮುದ್ರೆ. "ಫಾರಿನ್ ಮಾಲು ಸಾರ್, ಮುಟ್ಟಿ ನೋಡಿ, ಮುಟ್ಟಕ್ಕೇನು," ಎಂದ ಅಂಗಡಿಯವ. ಅಪ್ಪ ಮುಟ್ಟಿ ನೋಡಿ ಮನೆಗೆ ಬಂದ. ಒಂದು ವಾರ ಅವನಿಗೆ ಊಟ ಸೇರಲಿಲ್ಲ.

ಈ ವರ್ಷ ಭೂಕಂಪವಾಗಿ ಆಚೆಯ ಊರು ನೆಲಸಮವಾದಾಗ ಕಡಲಾಚೆಯ ಯಾವುದೋ ದೇಶದವರು ಬೂಟು ಕಳಿಸಿದರು. ಒಳಗೆ ಉಣ್ಣೆ ಹೊದಿಸಿದ, ಪಾದದ ಗಂಟು ಮುಚ್ಚುವ ಗಟ್ಟಿ ಬೂಟುಗಳು, ಸಾವಿರದ ನೂರ ನಲವತ್ತು ಜೋಡಿ. ಅಪ್ಪ ಅವುಗಳ ನಡುವೆ ಇಡೀ ಮಧ್ಯಾಹ್ನ ಗಲ್ಲಕ್ಕೆ ಕೈಯಿಟ್ಟು ಕೂತಿದ್ದ. ಆಮೇಲೆ ಇದ್ದಕ್ಕಿದ್ದಂತೆ ಚಪ್ಪಾಳೆ ತಟ್ಟಿದ.

"ಎಡದ್ದೆಲ್ಲ ಒಂದು ಲಾರಿಗೆ, ಬಲದ್ದೆಲ್ಲ ಇನ್ನೊಂದಕ್ಕೆ! ಒಂಟಿ ಬೂಟು ಕದ್ದು ಯಾವ ಕಳ್ಳ ಉದ್ಧಾರ ಆಗ್ತಾನೆ, ಹೇಳು ನೋಡೋಣ?"

ಮಗಳು ಬಿದ್ದು ಬಿದ್ದು ನಕ್ಕಳು. ಅಜ್ಜಿಯ ಕತೆಯ ಮಂತ್ರಿಗೂ ಇಂಥ ಉಪಾಯ ಹೊಳೆದಿರಲಿಲ್ಲ. ಮೂರು ದಿನ ಅಪ್ಪನೂ ಮಗಳೂ ಕೂತು ಜೋಡಿ ಕಟ್ಟಿದ್ದ ದಾರಗಳನ್ನು ಕತ್ತರಿಸಿದರು.

ಎಡಗಾಲಿನ ಲಾರಿ ಸುಸೂತ್ರವಾಗಿ ದಾಟಿತು. ಬಲಗಾಲಿನದನ್ನು ಗೇಟಿನಲ್ಲಿ ಬಿಚ್ಚಿಸಿದರು. "ಕಾಗದದಲ್ಲಿ ಜೋಡಿ ಅಂತಿದೆ. ಇಲ್ಲಿರೋದು ಬರೀ ಬಲಗಾಲು. ಮಿಕ್ಕಿದ್ದು ಯಾರಿಗೆ ಮಾರಿದ್ರಿ?" ಜೀವಮಾನವಿಡೀ ಕಳ್ಳರಿಂದ ಸಾಮಾನು ಕಾದವನು, ಎಡದ್ದು ಆಗಲೇ ದಾಟಿದೆ ಎಂದರೆ ಯಾರೂ ನಂಬಲಿಲ್ಲ. ಮೂಟೆಗಳು ಗಡಿ ಇಲಾಖೆಯ ಗೋದಾಮು ಸೇರಿದವು. ಊರಿನವರು ಅವನಿಗೆ 'ಎಡಗಾಲಪ್ಪ' ಎಂದು ಹೆಸರಿಟ್ಟರು. ಹನ್ನೊಂದು ವಾರ ಅವನು ಕಚೇರಿಯಿಂದ ಕಚೇರಿಗೆ ಅಲೆದ. ಕೊನೆಯ ಸಲ ಮನೆಗೆ ಬಂದಾಗ ಎದೆಯಲ್ಲಿ ಕಫ ಗೊರಗುಟ್ಟುತ್ತಿತ್ತು.

"ಬೂಟು," ಎಂದಿದ್ದ ಮೊನ್ನೆ, ಕಣ್ಣು ಬಿಡದೆ.

"ಹೂಂ ಅಪ್ಪ, ನಾನು ತಲುಪಿಸ್ತೀನಿ, ಮಲಕ್ಕೊಳ್ಳಿ," ಎಂದಿದ್ದಳು ಮಗಳು, ಚಮಚದಲ್ಲಿ ಔಷಧಿ ಅಳೆಯುತ್ತ, ಹಟ ಹಿಡಿದ ಮಗುವಿಗೆ ಹೇಳಿದ ಹಾಗೆ. ಅಪ್ಪ ಅದನ್ನು ನಂಬಿ ಮಲಗಿದ. ಅವನು ಯಾರನ್ನಾದರೂ ನಂಬಿದ್ದು ಎಷ್ಟೋ ವರ್ಷಗಳ ಮೇಲೆ.

\*

"ಫೋಟೋದವರು ಲಾರೀಲಿ ಇರಬೇಕು, ಅಷ್ಟೇ ತಾನೇ?" ಎಂದಳು ಮಗಳು. "ಅಪ್ಪನ್ನ ಕರ್ಕೊಂಡು ಹೋಗೋಣ."

ಎತ್ತಿದ ನಾಲ್ವರೂ ಎತ್ತಿದ ಹಾಗೇ ನಿಂತರು.

"ತಲೆ ನೆಟ್ಟಗಿದೆಯೇನೇ ನಿಂಗೆ?" ಚಿಕ್ಕಪ್ಪ ಸಿಡಿದ. "ನಮ್ಮಣ್ಣನ ಹೆಣಾನ ಮೂಟೆ ಮೇಲೆ ಹಾಕ್ಕೊಂಡು ಊರೂರು ಮೆರವಣಿಗೆ ಮಾಡ್ತೀಯಾ? ಮಣ್ಣಿಗೆ ಅಂತ ಬಂದ ಜನಕ್ಕೆ ಏನು ಹೇಳ್ಲಿ? ಸತ್ತ ಮೇಲಾದ್ರೂ ಆ ಬೂಟಿನ ಸಹವಾಸ ಬಿಡ್ಲಿ ಅವನು!"

"ಸಂಜೆ ಆರಕ್ಕೆ ವಾಪಸ್ ಬಂದು ಮಣ್ಣು ಮಾಡೋಣ ಚಿಕ್ಕಪ್ಪ."

"ಬರ್ತೀವಿ ಅಂತ ಏನು ಗ್ಯಾರಂಟಿ? ಆ ಗೇಟಿನವರು ನಿಮ್ಮನ್ನೇ ಹಿಡಿದು ಕೂರಿಸಿದ್ರೆ? ಅತ್ತಿಗೆ, ನೀವಾದ್ರೂ ಹೇಳಿ."

ಎಲ್ಲರೂ ಅಮ್ಮನ ಕಡೆ ತಿರುಗಿದರು. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಹನ್ನೊಂದು ವಾರವೂ ಬೂಟಿನ ಮಾತು ಬಂದಾಗಲೆಲ್ಲ ಪಾತ್ರೆ ಕುಕ್ಕಿ ಎದ್ದು ಹೋದವಳು ಅವಳು.

"ಅವರ ಸ್ವೆಟರ್ ತಗೊಂಬಾ," ಎಂದಳು ಅಮ್ಮ. "ಮೇಲೆ ಚಳಿ."

\*

ಮಗಳು ಡ್ರೈವರ್ ಪಕ್ಕ ಕೂತು ಲಾರಿಯ ಗಡಿಯಾರವನ್ನೂ ತಿರುವುಗಳನ್ನೂ ನೋಡುತ್ತಿದ್ದಳು. ಹಿಂದೆ ಮೂಟೆಗಳ ನಡುವೆ ಅಪ್ಪ, ಅವನ ಒಂದು ಕಡೆ ಅಮ್ಮ, ಇನ್ನೊಂದು ಕಡೆ, ಬೈಯುತ್ತಲೇ ಹತ್ತಿ ಕೂತಿದ್ದ ಚಿಕ್ಕಪ್ಪ. ಪ್ರತಿ ಕುಲುಕಿಗೂ, "ನಿಧಾನ ಓಡ್ಸಯ್ಯ, ಪೆಟ್ಟಾದೀತು," ಎಂದು ಅವನು ಕೂಗುವುದು ಕೇಳುತ್ತಿತ್ತು.

ಒಂದೂವರೆಗೆ ಗೇಟು ಕಂಡಿತು. ರಸ್ತೆಗೆ ಅಡ್ಡ ಒಂದು ಕಬ್ಬಿಣದ ಕಂಬಿ, ಅದರ ಕೆಳಗೆ ಹಳದಿ ಗೆರೆ. ಆಚೆ, ಡ್ರೈವರ್ ಫೋನು ಮಾಡಿ ಹೇಳಿದ್ದರಿಂದ, ನೂರಾರು ಜನ ಬಂದು ನಿಂತಿದ್ದರು. ಎಲ್ಲರೂ ಒಂದೇ ಕಡೆಗೆ ತುಸು ವಾಲಿದ್ದರು. ಒಂದು ಕಾಲಿಗೆ ದಪ್ಪ ಅಟ್ಟೆ, ಇನ್ನೊಂದಕ್ಕೆ ತಾಟು ಸುತ್ತಿ ಹಗ್ಗ.

ಗೇಟಿನ ಅಧಿಕಾರಿಗೆ ನೆಗಡಿ. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಪಾಸು ಓದಿದ. ಹನ್ನೊಂದು ವಾರದ ಹಿಂದೆ ಮೂಟೆ ಬಿಚ್ಚಿಸಿದವನೂ ಇವನೇ.

"ಎಲ್ಲಿ ಉಗ್ರಾಣಿ?"

"ಹಿಂದೆ ಇದಾರೆ ಸಾರ್."

"ಇಳಿಯಕ್ಕೆ ಹೇಳಿ."

"ಇಳಿಯಲ್ಲ," ಎಂದ ಡ್ರೈವರ್.

"ಯಾಕೆ, ಅಷ್ಟು ದೊಡ್ಡ ಮನುಷ್ಯರಾಗಿಬಿಟ್ರಾ?"

"ನೀವೇ ಹತ್ತಿ ನೋಡಿ ಸಾರ್," ಎಂದಳು ಮಗಳು.

ಅಧಿಕಾರಿ ಗೊಣಗುತ್ತ ಹತ್ತಿದ. ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಮೂಗಿನ ಮೇಲಿದ್ದ ಕರವಸ್ತ್ರ ನಿಧಾನವಾಗಿ ಕೆಳಗಿಳಿಯಿತು.

"ಯಾವಾಗ?"

"ನಿನ್ನೆ ಮಧ್ಯಾಹ್ನ."

ಅವನು ಇಳಿದು ಬಂದ. ಬೂಟಿನ ತುದಿಯಿಂದ ಹಳದಿ ಗೆರೆಯನ್ನು ಕೆರೆದ. "ನೋಡಮ್ಮ, ಪಾಸಿನವರು ಇದಾರೆ, ಒಪ್ಪಿದೆ. ಆದ್ರೆ ಹೆಣ ಗಡಿ ದಾಟಬೇಕು ಅಂದ್ರೆ ಡಾಕ್ಟರ ಕಾಗದ ಬೇಕು, ಎರಡೂ ಕಡೆಯವರದ್ದು. ಅದಿಲ್ಲದೆ ಬಿಟ್ರೆ ನನ್ನ ಕೆಲಸ ಹೋಗುತ್ತೆ."

"ಇವನಿಲ್ಲದೆ ಮೂಟೆ ಹೋಗಂಗಿಲ್ಲ, ಇವನು ಹೋಗಂಗಿಲ್ಲ!" ಡ್ರೈವರ್‌ನ ಕತ್ತಿನ ನರ ಉಬ್ಬಿತು. "ಬದುಕಿದ್ದಾಗ ಬಿಡಲಿಲ್ಲ, ಸತ್ತ ಮೇಲೂ ಬಿಡಲ್ಲ ಅಂದ್ರೆ ಇನ್ಯಾವಾಗ ಬಿಡ್ತೀರ್ರೀ ನೀವು?"

ಕಂಬಿಯಾಚೆಯಿಂದ ಒಬ್ಬ ಹೆಂಗಸು ಕೂಗಿದಳು, "ಏನಂತಾರೆ? ಬಿಡ್ತಾರಂತಾ ಇಲ್ವಂತಾ?" ಒಂದೂ ಮುಕ್ಕಾಲಾಗಿತ್ತು. ಹಿಮ ಹಿಟ್ಟಿನಂತೆ ಉದುರತೊಡಗಿತ್ತು.

ಮಗಳು ಗೆರೆಯನ್ನು ನೋಡಿದಳು, ಲಾರಿಯನ್ನು ನೋಡಿದಳು. "ಮಾಮ, ಲಾರಿ ತಿರುಗಿಸಿ. ಹಿಂಬದಿ ಗೆರೆ ಹತ್ತಿರ ಬರಲಿ," ಎಂದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಅಪ್ಪ ದಾಟಲ್ಲ ಸಾರ್. ಲಾರಿನೂ ದಾಟಲ್ಲ. ಮೂಟೆ ಮಾತ್ರ ಕೈಯಿಂದ ಕೈಗೆ ದಾಟಲಿ. ಇಳಿಸಿ ಮುಗಿಯೋವರೆಗೂ ಅಪ್ಪ ಲಾರೀಲೇ ಇರ್ತಾರೆ. ಎದ್ದು ಹೋಗಲ್ಲ."

ಅಧಿಕಾರಿ ಕೈಗಡಿಯಾರ ನೋಡಿದ. "ಎರಡಕ್ಕೆ ಮುಚ್ತೀನಿ. ಒಂದು ನಿಮಿಷ ಹೆಚ್ಚಿಲ್ಲ. ಮೂವತ್ತೆಂಟು ಅಂತ ಬರೆದಿದೆ, ಎಣಿಸ್ತೀನಿ. ಒಂದು ಕಡಿಮೆಯಾದ್ರೂ ಅಷ್ಟೂ ವಾಪಸ್ಸು."

ಲಾರಿ ತಿರುಗಿತು. ಮೊದಲ ಮೂಟೆಯನ್ನು ಎತ್ತಿದವನು ಚಿಕ್ಕಪ್ಪ. "ನಿಂತ್ಕೊಂಡು ಏನು ನೋಡ್ತೀರಿ, ಹಿಡೀರಿ!" ಎಂದು ಬೈದು ಡ್ರೈವರನ ಎದೆಗೆ ತಳ್ಳಿದ. ಡ್ರೈವರನಿಂದ ಮಗಳಿಗೆ, ಮಗಳಿಂದ ಗೆರೆಯಾಚೆ ಚಾಚಿದ ಕೈಗಳಿಗೆ. ಅಲ್ಲಿ ಮುಂದೆ ನಿಂತವಳು ಆ ಕೂಗಿದ ಹೆಂಗಸೇ. ಕೆನ್ನೆ ಬಿರಿದಿದ್ದವು, ಬಲಗಾಲಿನ ತಾಟು ಒದ್ದೆಯಾಗಿತ್ತು.

"ಉಗ್ರಾಣಿಯವರು ಬರಲಿಲ್ವಾ? ಕೈಯಾರೆ ತಂದ್ಕೊಡ್ತೀನಿ ಅಂದಿದ್ರು ನನಗೆ, ಇದೇ ಕಂಬಿ ಹತ್ರ."

"ಬಂದಿದಾರೆ," ಎಂದಳು ಮಗಳು. ಹೆಂಗಸು ಲಾರಿಯೊಳಗೆ ಕಣ್ಣು ಹಾಯಿಸಿದಳು. ಸ್ವೆಟರ್ ಕಂಡಿತು, ಮುಚ್ಚಿದ ಕಣ್ಣು ಕಂಡಿತು. ಇನ್ನೂ ಬೇಗ ಬೇಗ ಕೈ ಚಾಚಿದಳು.

"ಇಪ್ಪತ್ತೊಂಬತ್ತು... ಮೂವತ್ತು..." ಅಧಿಕಾರಿ ಎಣಿಸುತ್ತಿದ್ದ. ಮಗಳ ಅಂಗೈ ಸುಲಿದಿತ್ತು. ಎರಡಕ್ಕೆ ಐದು ನಿಮಿಷ. ಮೂರು ನಿಮಿಷ.

"ಮೂವತ್ತೇಳು."

ಕೈಗಳು ನಿಂತವು.

"ಮೂವತ್ತೇಳು," ಎಂದ ಅಧಿಕಾರಿ ಮತ್ತೊಮ್ಮೆ. "ಇನ್ನೊಂದೆಲ್ಲಿ?"

"ಎಣಿಸಿಯೇ ತುಂಬಿದ್ದು ಸಾರ್, ನನ್ನ ಕಣ್ಣಾಣೆ!" ಡ್ರೈವರ್ ಲಾರಿಯ ಕೆಳಗೆ ಬಗ್ಗಿ ನೋಡಿದ. ಚಿಕ್ಕಪ್ಪ ಖಾಲಿ ಹಲಗೆಗಳ ಮೇಲೆ ಮೂಲೆಯಿಂದ ಮೂಲೆಗೆ ಓಡಿದ. ಅಧಿಕಾರಿಯ ಕೈ ಕಂಬಿಯ ಹಗ್ಗದ ಮೇಲಿತ್ತು. ಇಷ್ಟು ದೂರ ಬಂದು ಮತ್ತೆ ಅದೇ ಪ್ರಶ್ನೆ, ಮಿಕ್ಕಿದ್ದು ಯಾರಿಗೆ ಮಾರಿದ್ರಿ!

ಅಮ್ಮ ಕೂತಲ್ಲಿಂದ ಅಲುಗಿರಲಿಲ್ಲ. ಅವಳ ದೃಷ್ಟಿ ಗಂಡನ ಮುಖದ ಮೇಲಿತ್ತು, ಅಲ್ಲಿಂದ ಅದರ ಕೆಳಕ್ಕೆ ಇಳಿಯಿತು.

"ಇಲ್ಲಿದೆ," ಎಂದಳು. "ರಸ್ತೆ ಸರಿಯಿಲ್ಲ, ತಲೆ ಕುಲುಕುತ್ತೆ ಅಂತ ನಾನೇ ಇಟ್ಟಿದ್ದೆ."

ಮಗಳು ಹತ್ತಿ ಬಂದು ಮಂಡಿಯೂರಿದಳು. ಎರಡೂ ಕೈಯಿಂದ ಅಪ್ಪನ ತಲೆಯನ್ನು ಎತ್ತಿದಳು. ಅದು ಅವಳು ಎಣಿಸಿದ್ದಕ್ಕಿಂತ ಭಾರವಾಗಿತ್ತು, ತಣ್ಣಗಿತ್ತು. ಚಿಕ್ಕಪ್ಪ ಮೂಟೆಯನ್ನು ಎಳೆದ. ಅಮ್ಮ ಜರುಗಿ ಕಾಲು ಮಡಿಚಿ ತೊಡೆ ಕೊಟ್ಟಳು. ಮಗಳು ಮೂಟೆಯನ್ನು ಅಪ್ಪಿ ಹಿಡಿದು ಗೆರೆಯವರೆಗೆ ನಡೆದಳು.

ಮೂಟೆಯ ನಡುವೆ, ತಲೆಯಿದ್ದ ಜಾಗದಲ್ಲಿ, ಒಂದು ತಗ್ಗು ಹಾಗೇ ಉಳಿದಿತ್ತು. ಆಚೆಯ ಹೆಂಗಸು ಎರಡೂ ಕೈ ಚಾಚಿ, ನಿದ್ದೆಹೋದ ಮಗುವನ್ನು ಇಸಿದುಕೊಳ್ಳುವಂತೆ, ಆ ತಗ್ಗು ಅಳಿಸದ ಹಾಗೆ ಅದನ್ನು ಇಸಿದುಕೊಂಡಳು.