ಬಂಡಿ ನಿಲ್ಲಿಸುವ ಲೆಕ್ಕ

ನನಗೆ ಬುದ್ಧಿ ಸ್ವಲ್ಪ ಹೆಚ್ಚೇ ಇದೆ ಎಂಬ ಗುಮಾನಿ ಮೊದಲಿನಿಂದಲೂ ಇತ್ತು. ಅದಕ್ಕೆ ಮುದ್ರೆ ಒತ್ತಿದ್ದು ಖಲಂದರ ಮಾಸ್ತರರ ವಾಟ್ಸಾಪ್ ಗುಂಪು. ಮಾಸ್ತರರು ಹಾವೇರಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಕೂತು ಬೇಸರವಾಗಿ, ಹಳೆಯ ವಿದ್ಯಾರ್ಥಿಗಳನ್ನೂ ಅವರ ಪರಿಚಯದವರನ್ನೂ ಸೇರಿಸಿ 'ತಲಿಗೆ ಕೆಲಸ' ಎಂಬ ಗುಂಪು ಕಟ್ಟಿದರು. ಈಗ ಅದರಲ್ಲಿ ನೂರಾ ನಲವತ್ತು ಜನ ಇದ್ದೇವೆ. ಕಂಡಕ್ಟರ್ ಇದ್ದಾರೆ, ನರ್ಸ್ ಇದ್ದಾರೆ, ಕೋರ್ಟಿನಲ್ಲಿ ಟೈಪ್ ಮಾಡುವವರಿದ್ದಾರೆ, ಯಾವ ಲೆಕ್ಕವನ್ನೂ ಬಿಡಿಸದೆ ದಿನಾ 'ಶುಭೋದಯ' ಎಂದು ಗುಲಾಬಿ ಹೂವು ಕಳಿಸುವವರೂ ಇದ್ದಾರೆ.

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಒಂದು ಲೆಕ್ಕ ಬೀಳುತ್ತದೆ. ಕಾಗದವನ್ನು ಮೂರು ಸಲ ಮಡಿಸಿ ಒಂದು ತೂತು ಹೊಡೆದರೆ ಬಿಚ್ಚಿದಾಗ ಎಷ್ಟು ತೂತು, ಒಬ್ಬ ಬರೀ ಸುಳ್ಳು ಹೇಳುವವನು ಇನ್ನೊಬ್ಬ ಬರೀ ಖರೇ ಹೇಳುವವನು ನಿಂತಿದ್ದರೆ ದಾರಿ ಕೇಳುವುದು ಹೇಗೆ, ಇಂಥವು. ಯಾರು ಬೇಕಾದರೂ ಲೆಕ್ಕ ಹಾಕಬಹುದು. ಮಾಸ್ತರರ ಕಾನೂನು ಒಂದೇ. ಉತ್ತರವನ್ನು ಗುಂಪಿನಲ್ಲಿ ಒದರಬಾರದು, ಲೆಕ್ಕ ಹಾಕಿದವರಿಗೆ ಮಾತ್ರ ಬೇರೆಯಾಗಿ ಕಳಿಸಬೇಕು. ಅವರು ಸರಿಯಿದ್ದರೆ ಹಸಿರು ಗುರುತು, ತಪ್ಪಿದ್ದರೆ ಕೆಂಪು ಗುರುತು ಹಾಕುತ್ತಾರೆ. ಸಂಜೆ ಏಳಕ್ಕೆ ಉತ್ತರವೂ ಬಿಡಿಸಿದವರ ಹೆಸರೂ ಗುಂಪಿಗೆ ಬರುತ್ತವೆ.

ಆ ಹೆಸರುಗಳಲ್ಲಿ ಚನ್ನೇಶ ಎಂಬ ನನ್ನ ಹೆಸರು ಇಲ್ಲದ ದಿನ ಕಡಿಮೆ. ಅದರಲ್ಲೂ ಡಬ್ಬಿ ಒಟ್ಟಿದ ಚಿತ್ರ ಕೊಟ್ಟು, ಕಾಣದ ಡಬ್ಬಿಗಳೂ ಸೇರಿ ಒಟ್ಟು ಎಷ್ಟು ಎಂದು ಕೇಳಿದರೆ ನನ್ನನ್ನು ಮೀರಿಸುವವರಿಲ್ಲ. ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಮೆಣಸಿನಕಾಯಿ ಚೀಲ ಒಟ್ಟಿಸುವುದು, ಎಣಿಸುವುದು ನನ್ನ ಹೊಟ್ಟೆಪಾಡು. ತಂಪು ಗಾಳಿ ಆಡಲೆಂದು ಒಟ್ಟಿಲಿನ ನಡುವೆ ನಾವು ಸಂದು ಬಿಟ್ಟಿರುತ್ತೇವೆ. ಹೊಸದಾಗಿ ಬಂದವರು ಮುಂದಿನ ಸಾಲು ಎಣಿಸಿ, ಆಳದಿಂದ ಗುಣಿಸಿ, ಎದೆಯುಬ್ಬಿಸಿ ಸಂಖ್ಯೆ ಹೇಳುತ್ತಾರೆ. ನಾಲ್ಕು ಜನರ ಎದುರು ಅವರ ಮಾನ ಕಳೆಯುವುದು ನನಗೆ ಇಷ್ಟದ ಕೆಲಸ. ಎದುರಿಗೆ ಕಂಡದ್ದನ್ನು ನೋಡಿ ಒಳಗೂ ತುಂಬಿದೆ ಎಂದುಕೊಳ್ಳಬೇಡಿ ಎಂದು ಅವರಿಗೆ ಹೇಳುತ್ತಲೇ ಇರುತ್ತೇನೆ.

ಗುಂಪಿನಲ್ಲಿ ನನಗೆ ಸರಿಸಾಟಿ ಒಬ್ಬಳೇ, ಸುಚಿತ್ರಾ. ನನ್ನ ಅಕ್ಕ ಪುಷ್ಪಾವತಿಯ ಮಗಳು. ಅಕ್ಕನ ಗಂಡ ತೀರಿಕೊಂಡಾಗ ಸುಚಿತ್ರಾಗೆ ಏಳು ವರ್ಷ, ನನಗೆ ಹದಿನೇಳು. ಅಕ್ಕ ರಾಣೆಬೆನ್ನೂರಿನಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡು ನಿಂತಳು. ರಜೆ ಬಂದರೆ ಹುಡುಗಿ ಕುಪ್ಪೇಲೂರಿಗೆ, ನಮ್ಮ ಅವ್ವನ ಮನೆಗೆ. ಕಡ್ಡಿಪೆಟ್ಟಿಗೆಯ ಕಡ್ಡಿ ಜೋಡಿಸಿ, ಎರಡು ಕಡ್ಡಿ ಸರಿಸಿ ಮೂರು ಚೌಕ ಮಾಡು ಎಂದು ಅವಳಿಗೆ ಕಲಿಸಿದವನು ನಾನೇ. ಗುಂಪಿಗೆ ಸೇರಿಸಿದವನೂ ನಾನೇ. ಈಗ ಅವಳಿಗೆ ಇಪ್ಪತ್ತೊಂದು, ಬಿ.ಎಸ್ಸಿ. ಕೊನೆಯ ವರ್ಷ. ಎಷ್ಟೋ ಬೆಳಗುಗಳಲ್ಲಿ ಅವಳಿಂದ ಬರುತ್ತಿದ್ದ ಮೊದಲ ಸಂದೇಶ ಒಂದೇ: ಮಾಮಾ, ನಂದು ಆತು, ನಿಂದು ಇನ್ನೂ ಆಗಿಲ್ಲೇನು? ಅದನ್ನು ಓದಿ ಹಲ್ಲು ಕಡಿಯುತ್ತಾ ನಾನು ಚಹಾ ಆರಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಮೂರು ತಿಂಗಳ ಹಿಂದೆ ಅವ್ವ ಒಂದು ಮಾತು ಎತ್ತಿದಳು. ಹುಡುಗಿಯನ್ನು ಹೊರಗಿನವರಿಗೆ ಯಾಕೆ ಕೊಡುವುದು, ಚನ್ನೇಶನಿಗೇ ಮಾಡಿಕೊಂಡರೆ ಮನೆಯಲ್ಲೇ ಉಳಿಯುತ್ತಾಳಲ್ಲ ಎಂದು. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸದೇನಲ್ಲ. ಅವ್ವ ಚೌಡವ್ವ ಸ್ವತಃ ಸೋದರಮಾವನನ್ನು ಮದುವೆಯಾಗಿ ಬಂದವಳು. ಅಕ್ಕ ಕಣ್ಣೊರೆಸಿಕೊಂಡು ಹೂಂ ಎಂದಳು. ನನಗೆ ಮೊದಲ ಎರಡು ದಿನ ಮುಜುಗರವಾಯಿತು. ಮೂರನೆಯ ದಿನ ಹೊಸ ಅಂಗಿ ಹೊಲಿಯಲು ಹಾಕಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಗಿತ್ತು. ಮೂವತ್ತೊಂದು ವರ್ಷದ ನನಗೆ, ನನ್ನಷ್ಟೇ ಬುದ್ಧಿಯ ಹೆಂಡತಿ ಸಿಗುತ್ತಾಳೆ, ಮುದುಕರಾಗುವ ತನಕ ಒಟ್ಟಿಗೆ ಲೆಕ್ಕ ಬಿಡಿಸಬಹುದು ಎಂದೆಲ್ಲ ಅಂದುಕೊಂಡೆ.

ಮಾತು ಆಡಿದ ಮೇಲೆ ಮದುವೆಯವರೆಗೆ ಇಬ್ಬರೂ ಮಾತಾಡಬಾರದು, ನಾಲ್ಕು ಜನ ನಾಲ್ಕು ಥರ ಅನ್ನುತ್ತಾರೆ ಎಂದು ಅವ್ವ ಕಟ್ಟು ಹಾಕಿದಳು. ಸುಚಿತ್ರಾ ಆ ಕಟ್ಟನ್ನು ನನಗಿಂತ ಚೆನ್ನಾಗಿ ಪಾಲಿಸಿದಳು. ಬೆಳಗಿನ ಕೆಣಕುವಿಕೆ ನಿಂತಿತು. ನಾನು ರಾಣೆಬೆನ್ನೂರಿಗೆ ಹೋದರೆ ನೀರು ತಂದಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಮಾಮಾ ಎಂದು ಕರೆಯುವುದನ್ನೇ ಬಿಟ್ಟಳು. ಏನೆಂದೂ ಕರೆಯುತ್ತಿರಲಿಲ್ಲ. ನಾಚಿಕೊಂಡಿದ್ದಾಳೆ ಬಿಡು ಎಂದಳು ಅಕ್ಕ. ನಾಚಿಕೆಯೇ ಎಂದು ನಾನೂ ಮೀಸೆಯಲ್ಲಿ ನಕ್ಕೆ. ಹುಡುಗಿ ಸುಮ್ಮನಿದ್ದರೆ ಒಪ್ಪಿದಂತೆ ಎಂಬುದು ನಮ್ಮಲ್ಲಿ ಎಲ್ಲರ ಲೆಕ್ಕ. ನಿನಗೆ ಮನಸ್ಸಿದೆಯೇ ಎಂದು ಅವಳನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬರುವ ಬುಧವಾರ ಎಲೆ-ಅಡಿಕೆ ಶಾಸ್ತ್ರ ಎಂದು ಗೊತ್ತಾಯಿತು. ಎಲೆ-ಅಡಿಕೆ ಕೈ ಬದಲಾದ ಮೇಲೆ ಮಾತಿಗೆ ತಪ್ಪಿದ ಮನೆ ನಮ್ಮ ಬಳಗದಲ್ಲಿ ಇಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಲೆಕ್ಕ ಹಾಕಿದವಳು ಸುಚಿತ್ರಾ. ಮೂರು ತಿಂಗಳಲ್ಲಿ ಅದು ಅವಳ ಮೊದಲ ಲೆಕ್ಕ.

'ಕ, ಖ, ಗ, ಘ ನಾಲ್ವರು ಬಂಡಿಯಲ್ಲಿ ಹೊರಟಿದ್ದಾರೆ. ಬುಧವಾರ ಬಂಡಿ ಊರು ಮುಟ್ಟುತ್ತದೆ, ಮುಟ್ಟಿದ ಮೇಲೆ ಹಿಂದಿರುಗುವಂತಿಲ್ಲ. ಘಗೆ ಆ ಊರಿಗೆ ಹೋಗಲು ಮನಸ್ಸಿಲ್ಲ. ಘ ಬೇಡ ಎಂದರೆ ಕ, ಖ ಕಿವಿಗೆ ಹಾಕಿಕೊಳ್ಳುವುದಿಲ್ಲ. ಗ ಬೇಡ ಎಂದರೆ ಬಂಡಿ ನಿಲ್ಲಿಸುತ್ತಾರೆ. ಘಗೆ ಮನಸ್ಸಿಲ್ಲ ಎಂದು ಗೊತ್ತಾದರೆ ಗ ಖಂಡಿತ ಬೇಡ ಎನ್ನುತ್ತಾರೆ. ಆದರೆ ಘ ಗ ಜೊತೆ ಮಾತಾಡುವಂತಿಲ್ಲ, ಬೇರೆಯವರ ಕೈಲಿ ಹೇಳಿಸುವಂತಿಲ್ಲ. ಬಂಡಿ ನಿಲ್ಲುವುದು ಹೇಗೆ?'

ಗುಂಪಿನಲ್ಲಿ ಗದ್ದಲವೋ ಗದ್ದಲ. ಇದಕ್ಕೆ ಉತ್ತರವೇ ಇಲ್ಲ ಎಂದರು ಕೆಲವರು. ಷರತ್ತುಗಳು ಒಂದನ್ನೊಂದು ಕಟ್ಟಿಹಾಕಿವೆ, ಎಲ್ಲೋ ಸಂದು ಇರಲೇಬೇಕು, ಹುಡುಕಿ ಎಂದರು ಮಾಸ್ತರರು. ನಾನು ಬುಧವಾರ ಎಂಬುದನ್ನು ಓದಿದೆ, ಓದಿ ಮುಂದೆ ಹೋದೆ. ಶಾಸ್ತ್ರದ ದಿನವೇ ತಲೆಯಲ್ಲಿದೆ ಪಾಪ ಎಂದು ನಗು ಬಂತು. ಘ ಬಂಡಿ ಹಾರಿ ಓಡಲಿ ಎಂದು ಅವಳಿಗೆ ಕಳಿಸಿದೆ. ಕೆಂಪು ಗುರುತು ಬಂತು. ಎತ್ತಿಗೆ ಕಾಲುನೋವು ಬರಿಸಬೇಕು ಎಂದೆ. ಮತ್ತೆ ಕೆಂಪು.

ಹನ್ನೊಂದು ಗಂಟೆಗೆ ಒಟ್ಟಿಲು ಎಣಿಸಿ, ದಪ್ಪ ಕೋಟು ತೆಗೆದು ಹೊರಗಿನ ಕಟ್ಟೆಗೆ ಕೂತಾಗ ಉತ್ತರ ಹೊಳೆಯಿತು. ಮಾತಾಡಬಾರದು ಎಂದಿದೆಯೇ ಹೊರತು ಬರೆಯಬಾರದು ಎಂದಿಲ್ಲ. ಘ ಒಂದು ಚೀಟಿ ಬರೆದು ಗ ಕಣ್ಣಿಗೆ ಬೀಳುವಲ್ಲಿ ಇಡಲಿ, ಮುಗಿಯಿತು ಎಂದು ಕಳಿಸಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ.

ಗುರುತು ಬರಲಿಲ್ಲ. ಅವಳು ಏನೋ ಬರೆಯುತ್ತಿದ್ದಾಳೆ ಎಂದು ಫೋನು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಆಮೇಲೆ ಬಂದದ್ದು ಒಂದೇ ಸಾಲು.

"ಇಟ್ಟೇನಿ. ನೀ ಓದಾಕತ್ತೀದಿ."

ಎರಡು ಸಲ ಓದಿದೆ. ಗುಂಪಿಗೆ ಹೋಗಿ ಲೆಕ್ಕವನ್ನು ಮತ್ತೆ ಓದಿದೆ. ಕ ನನ್ನ ಅವ್ವ, ಖ ನನ್ನ ಅಕ್ಕ, ಘ ಅವಳು. ಗ ಯಾರೆಂದು ಬಿಡಿಸಲು ಮಾಸ್ತರರು ಬೇಕಿರಲಿಲ್ಲ.

ಮೊದಲು ಬಂದದ್ದು ಸಿಟ್ಟು. ನನ್ನಲ್ಲೇನು ಕೊರತೆ ಎಂಬ ಸಿಟ್ಟು. ಒಲ್ಲೆ ಎಂದು ಎರಡಕ್ಷರ ಹೇಳಲು ಇವಳಿಗೆ ಏನಾಗಿತ್ತು ಎಂದು ಬೈದುಕೊಂಡೆ. ಹೇಳಬೇಕಾದದ್ದು ಯಾರಿಗೆ ಎಂದು ಯೋಚಿಸಿದಾಗ ಆ ಸಿಟ್ಟು ನಿಲ್ಲಲಿಲ್ಲ. ಅವ್ವನಿಗೆ, ಅಕ್ಕನಿಗೆ ಹೇಳಿರಲೇಬೇಕು. ಅವರು ಕಿವಿಗೆ ಹಾಕಿಕೊಳ್ಳದೆ, ನಾಚಿಕೆ ಎಂದು ನನಗೆ ಹೇಳಿರಬೇಕು. ಮುಂದಿನ ಸಾಲು ಎಣಿಸಿ ಒಳಗೆಲ್ಲ ಭರ್ತಿ ಎಂದುಕೊಂಡ ಮಂಗ ಈ ಸಲ ನಾನೇ. ಅವಳ ನಾಚಿಕೆ ಎಂದು ನಾನು ಮೂರು ತಿಂಗಳು ಮೆಚ್ಚಿಕೊಂಡದ್ದು ಅವಳ ಸಂಕಟ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಆ ಕಟ್ಟೆಯ ಮೇಲೆ ಕೂತು, ದಡ್ಡನಾಗಿಬಿಡಲೇ ಎಂದು ನಾನು ಯೋಚಿಸಿದೆ. ನನಗೆ ಅರ್ಥವಾಗಲಿಲ್ಲ ಎಂದು ಒಂದು ಸಂದೇಶ ಕಳಿಸಿದರೆ ಸಾಕಿತ್ತು. ಒಂದು ಲೆಕ್ಕ ತಪ್ಪಿದವನನ್ನು ಯಾರೂ ದೂರುವುದಿಲ್ಲ. ಬುಧವಾರ ಬರುತ್ತಿತ್ತು, ಹೊಸ ಅಂಗಿ ತೊಡುತ್ತಿದ್ದೆ, ಎಲ್ಲ ತನ್ನಷ್ಟಕ್ಕೆ ಸರಿಹೋಗುತ್ತಿತ್ತು. ಹಿರಿಯರು ಹೇಳುವುದು ಹಾಗೆಯೇ ತಾನೆ. ಆದರೆ ಲೆಕ್ಕದಲ್ಲಿದ್ದ 'ಖಂಡಿತ' ಎಂಬ ಪದ ನನ್ನನ್ನು ಬಿಡಲಿಲ್ಲ. ಗೊತ್ತಾದರೆ ಗ ಖಂಡಿತ ಬೇಡ ಎನ್ನುತ್ತಾರೆ. ಅಷ್ಟು ನಂಬಿಕೆಯಿಂದ ಅವಳು ಅದನ್ನು ಷರತ್ತಾಗಿ ಬರೆದಿದ್ದಳು. ಏಳು ವರ್ಷದ ಹುಡುಗಿ ಕಡ್ಡಿ ಹಿಡಿದು, ಮಾಮಾಗೆ ಎಲ್ಲ ಬರುತ್ತದೆ ಎಂದು ಊರಿಗೆಲ್ಲ ಹೇಳುತ್ತಿದ್ದುದು ನೆನಪಾಯಿತು.

ಅರ್ಧ ದಿನ ರಜೆ ಬರೆದು ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಅಕ್ಕನ ಮನೆ ಕಡೆ ಹೋಗದೆ, ನಿಲ್ದಾಣದಲ್ಲೇ ಕುಪ್ಪೇಲೂರಿನ ಬಸ್ಸಿಗೆ ಬದಲಾಯಿಸಿದೆ. ಹುಡುಗಿ ಒಲ್ಲೆ ಎಂದಳು ಎಂದರೆ ಅವಳನ್ನು ಕಿತ್ತು ತಿನ್ನುತ್ತಾರೆ, ಕಾಲೇಜು ಬಿಡಿಸಿದರೂ ಬಿಡಿಸಿಯಾರು. ಆದ್ದರಿಂದ ಅದು ನನ್ನ ಮಾತೇ ಆಗಬೇಕಿತ್ತು. ದಾರಿಯುದ್ದಕ್ಕೂ ಅದನ್ನೇ ಜೋಡಿಸಿದೆ.

ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು, ಈ ಮದುವೆ ನನಗೆ ಬೇಡ ಎಂದೆ. ಮೊರ ಅವಳ ಕೈಯಲ್ಲೇ ನಿಂತಿತು.

"ಇಷ್ಟು ದಿನ ಎಲ್ಲಿ ಹೋಗಿತ್ತು ನಿನ್ನ ಬುದ್ಧಿ? ಅಕಿ ಏನಾರ ಅಂದ್ಲೇನು?"

"ಅಕಿ ನನ್ನ ಜೋಡಿ ಮಾತಾಡೇ ಇಲ್ಲವ್ವ. ಮಾತಾಡಬಾರದು ಅಂತ ನೀನ ಹೇಳಿದ್ದಿ. ಎತ್ತಿ ಆಡಿಸಿದ ಕೂಸಿಗೆ ತಾಳಿ ಕಟ್ಟಾಕ ನನಗ ಆಗೂದಿಲ್ಲ."

ಬಸ್ಸಿನಲ್ಲಿ ಅದನ್ನು ನೆಪವೆಂದು ಜೋಡಿಸಿಕೊಂಡಿದ್ದೆ. ಬಾಯಿಂದ ಬಂದಾಗ ಅದು ಖರೇ ಇದೆ ಅನ್ನಿಸಿತು. ಮೂರು ತಿಂಗಳು ನನಗದು ಮರೆತುಹೋಗಿತ್ತು, ಅವಳಿಗೆ ಮರೆತಿರಲಿಲ್ಲ.

ಆಮೇಲಿನದನ್ನು ವಿವರಿಸುವುದು ಬೇಡ. ಅವ್ವ ನನ್ನ ಓದನ್ನು, ಬ್ಯಾಡಗಿಯನ್ನು, ಕೈಯಲ್ಲಿದ್ದ ಫೋನನ್ನು ಸೇರಿಸಿ ಬೈದಳು. ಅಕ್ಕನಿಗೆ ಫೋನು ಮಾಡಿ ನನ್ನ ಕಿವಿಗೆ ಹಿಡಿದಳು. ನನ್ನ ಮಗಳಿಗೆ ಏನು ಕಮ್ಮಿಯಾಗಿದೆ, ಅಪ್ಪ ಇಲ್ಲದವಳೆಂದು ಬಿಡುತ್ತಿದ್ದೀಯಾ ಎಂದು ಅಕ್ಕ ಅತ್ತಳು. ಗ ಬೇಡ ಎಂದರೆ ಬಂಡಿ ನಿಲ್ಲಿಸುತ್ತಾರೆ ಎಂಬ ಷರತ್ತು ಸರಿಯಾಗಿಯೇ ಇತ್ತು. ನಿಲ್ಲಿಸಿದವನಿಗೆ ಏನೇನು ಬೀಳುತ್ತದೆ ಎಂಬುದನ್ನು ಅವಳು ಬರೆದಿರಲಿಲ್ಲ, ಅಷ್ಟೆ. ಐದು ಗಂಟೆಗೆ ಶಾಸ್ತ್ರ ಬೇಡವೆಂದು ಬಳಗಕ್ಕೆಲ್ಲ ಹೇಳಿಕಳಿಸಿದ್ದಾಯಿತು. ಅವ್ವ ನನ್ನತ್ತ ಬೆನ್ನು ಮಾಡಿ ರೊಟ್ಟಿ ಬಡಿಯಲು ಕೂತಳು. ನನ್ನ ಪಾಲಿಗೆ ತಟ್ಟೆ ಇಡಲಿಲ್ಲ.

ಏಳು ಗಂಟೆಗೆ ಹೊರಗಿನ ಕಲ್ಲಿನ ಮೇಲೆ ಕೂತು ಗುಂಪು ತೆರೆದೆ. ಸುಚಿತ್ರಾ ಉತ್ತರ ಹಾಕಿದ್ದಳು. ಘ ಮಾತಾಡಬೇಕಿಲ್ಲ, ಗ ಬಿಡಿಸುವಂಥ ಒಂದು ಲೆಕ್ಕ ಹಾಕಿದರೆ ಸಾಕು ಎಂದು. ಖಲಂದರ ಮಾಸ್ತರರಿಗೆ ಸಿಟ್ಟು ಬಂದಿತ್ತು. ಗ ಲೆಕ್ಕ ಬಿಡಿಸಬಲ್ಲವರು ಎಂದು ಷರತ್ತಿನಲ್ಲಿ ಎಲ್ಲೂ ಹೇಳಿಲ್ಲ, ಇಲ್ಲದ್ದನ್ನು ಕೊನೆಗೆ ತರುವುದು ಮೋಸ ಎಂದಿದ್ದರು. ತಪ್ಪಾಯಿತು ಸರ್, ಅದು ನನಗೆ ಗೊತ್ತಿತ್ತು, ಬರೆಯಲು ಮರೆತೆ ಎಂದು ಅವಳು ಉತ್ತರ ಕೊಟ್ಟಿದ್ದಳು. ಕೆಳಗೆ, ಬಿಡಿಸಿದವರ ಪಟ್ಟಿಯಲ್ಲಿ ಹಸಿರು ಗುರುತಿನ ಮುಂದೆ ಒಂದೇ ಹೆಸರಿತ್ತು. ಚನ್ನೇಶ ಮಾಮಾ.

ಆ ಎರಡನೆಯ ಪದವನ್ನು ನೋಡುತ್ತ ಎಷ್ಟು ಹೊತ್ತು ಕೂತೆನೋ. ಖುಷಿಯಾಯಿತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಮುದುಕರಾಗುವ ತನಕ ಎಂದೆಲ್ಲ ಅಂದುಕೊಂಡಿದ್ದೆನಲ್ಲ, ಅದಕ್ಕೆ.

ಫೋನು ಸದ್ದು ಮಾಡಿತು. ಈ ಸಲ ಬೇರೆಯಾಗಿ, ನನಗೊಬ್ಬನಿಗೇ ಬಂದ ಸಂದೇಶ.

"ಮಾಮಾ, ಅಜ್ಜಿ ನಿನಗ ಉಣ್ಣಾಕ ಹಾಕಿದ್ಲೇನು?"

ಒಳಗಿಂದ ರೊಟ್ಟಿಯ ವಾಸನೆ ಬರುತ್ತಿತ್ತು. ಹಾಕಿದ್ಲು, ಹೊಟ್ಟಿ ತುಂಬ ಉಂಡೆ ಎಂದು ಬರೆದು ಕಳಿಸಿದೆ.

ಕೂಡಲೇ ಕೆಂಪು ಗುರುತು ಬಂತು.