ನಡುದಾರಿಯ ಕೋಶಗಳು

ಈಜುಕೊಳದ ಪಂಪ್ ಕೋಣೆಯಲ್ಲಿ ಸೋರಿದ ಕ್ಲೋರಿನ್ ಕುಡಿದು ತಮ್ಮನು ಆಸ್ಪತ್ರೆ ಸೇರಿದಾಗಿನಿಂದ ಅಕ್ಕನ ಕಣ್ಣು ಅವನ ಮುಖಕ್ಕಿಂತ ಹೆಚ್ಚಾಗಿ ಮಂಚದ ಪಕ್ಕದ ಯಂತ್ರದ ಮೇಲೇ ನೆಟ್ಟಿತ್ತು. ರಕ್ತದ ಆಮ್ಲಜನಕದ ಅಂಕಿ ತೊಂಬತ್ತರ ಆಚೀಚೆ ಉಯ್ಯಾಲೆಯಾಡುತ್ತಿತ್ತು. ಗೋಡೆಯಲ್ಲಿ ಆಮ್ಲಜನಕದ ತಿರುಪು, ಕೈಗೆಟಕುವಷ್ಟು ಹತ್ತಿರ.

"ಇಷ್ಟೇ ಸಾಕು. ಯಾರೂ ಏರಿಸಬೇಡಿ," ಎಂದು ಡಾಕ್ಟರು ಹೇಳಿ ಹೋಗಿದ್ದರು.

ಏಕೆಂದು ಅವಳಿಗೆ ಗೊತ್ತಿತ್ತು. ಅವಳ ಕೆಲಸವೇ ಅದು. ಪ್ರಯೋಗಾಲಯದಲ್ಲಿ ಇಲಿಗಳನ್ನು ಪೆಟ್ಟಿಗೆಯಲ್ಲಿಟ್ಟು, ಬರೀ ಆಮ್ಲಜನಕ ತುಂಬಿ, ಅದರಿಂದಲೇ ಶ್ವಾಸಕೋಶಕ್ಕೆ ಗಾಯ ಮಾಡಿ, ಅದು ಮಾಯುವುದನ್ನು ನೋಡುವುದು. ಗಾಳಿಗೂಡಿನ ತೆಳುಕೋಶಗಳು ಸತ್ತರೆ, ಮೂಲೆಯಲ್ಲಿ ಕೂತ ದುಂಡುಕೋಶಗಳು ತಮ್ಮ ಕಸುಬು ಬಿಟ್ಟು, ಒಂದು ಎರಡಾಗಿ ಒಡೆದು, ಚಪ್ಪಟೆಯಾಗಿ ಹರಡಿ ಆ ಜಾಗ ತುಂಬುತ್ತವೆ. ಆದರೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದರೆ ಅವು ನಡುದಾರಿಯಲ್ಲೇ ನಿಂತುಬಿಡಬಹುದು, ಅತ್ತ ದುಂಡೂ ಅಲ್ಲ, ಇತ್ತ ಚಪ್ಪಟೆಯೂ ಅಲ್ಲ. ಆಮೇಲೆ ಅಲ್ಲಿ ಬೆಳೆಯುವುದು ಗಟ್ಟಿ ನಾರು. ನಾರು ಉಸಿರಾಡುವುದಿಲ್ಲ.

"ಏನ್ ಇಲಿ ಡಾಕ್ಟ್ರೇ," ತಮ್ಮ ಮಾಸ್ಕಿನೊಳಗಿಂದ ಉಸಿರು ಹೆಕ್ಕಿ ಹೆಕ್ಕಿ ಅಂದ, "ನನ್ನೂ ಪೆಟ್ಟಿಗೇಲಿ ಇಟ್ರಾ?"

"ಬಾಯ್ಮುಚ್ಕೊಂಡು ಮಲ್ಕೋ. ನನ್ನ ಇಲಿಗಳು ಇಷ್ಟು ಮಾತಾಡಲ್ಲ."

ಅವನು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ಅಂಕಿ ಎಂಬತ್ತೈದಕ್ಕೆ ಜಾರಿತು. ಅವಳು ಕರೆಗಂಟೆ ಒತ್ತಿದಳು; ಸಿಸ್ಟರ್ ಬರಲಿಲ್ಲ. ಮತ್ತೆ ಒತ್ತಿದಳು.

"ತಿರುಗ್ಸೇ ಅದನ್ನ!" ಮಂಚದ ಕಾಲ್ದೆಸೆಯಲ್ಲಿ ಕೂತಿದ್ದ ಅಮ್ಮ ಚೀರಿದಳು. "ಕೂಸು ಒದ್ದಾಡ್ತಿದೆ, ನೀನು ಕಂಬದ ಹಾಗೆ ನಿಂತಿದೀಯ!"

"ಜಾಸ್ತಿಯಾದ್ರೆ ಅದೇ ಸುಡುತ್ತಮ್ಮ."

"ಉಸಿರಾಡೋ ಗಾಳಿ ಎಲ್ಲಾದ್ರೂ ಸುಡುತ್ತೇನೇ? ಓದಿ ಓದಿ ಮರುಳಾದೆ ನೀನು!"

ಓದಿದ್ದೆಲ್ಲ ತಲೆಯಲ್ಲೇ ಉಳಿಯಿತು, ಕೈ ಅದರ ಮಾತು ಕೇಳಲಿಲ್ಲ. ಒಮ್ಮೆಗೇ ಕೊನೆಯವರೆಗೆ ತಿರುಗಿಸಿಬಿಟ್ಟಳು. ಸ್ವಲ್ಪ ಹೊತ್ತಿನಲ್ಲೇ ಅಂಕಿ ತೊಂಬತ್ತೆಂಟು. ಕೆಮ್ಮು ತಗ್ಗಿತು, ತಮ್ಮನ ಹುಬ್ಬಿನ ಗಂಟು ಸಡಿಲಾಯಿತು. ಅಮ್ಮನಿಗೆ ಹೋದ ಜೀವ ಬಂದಂತಾಯಿತು.

"ನೋಡಿದ್ಯಾ? ಇಷ್ಟಕ್ಕೆ ಎಷ್ಟು ಸತಾಯಿಸಿದೆ!"

ತೊಂಬತ್ತೆಂಟು ಅಲುಗಲಿಲ್ಲ. ನೋಡಲು ಎಷ್ಟು ಚೆಂದದ ಅಂಕಿ! ಒಳಗೆ ಆ ದುಂಡುಕೋಶಗಳು ಈಗಷ್ಟೇ ಮೈ ಹರಡಲು ಹೊರಟಿರಬಹುದು, ಹೊರಟಿರದೆಯೂ ಇರಬಹುದು. ಸೂಕ್ಷ್ಮದರ್ಶಕದಡಿ ಸಾವಿರ ಸಲ ನೋಡಿದವಳಿಗೆ ತಮ್ಮನ ಎದೆಯೊಳಗಿನ ಒಂದೇ ಒಂದು ಕೋಶವೂ ಕಾಣದು.

ಅವಳು ತಿರುಪಿಗೆ ಕೈ ಹಾಕಿದಳು.

"ಏನ್ಮಾಡ್ತಿದೀಯ?" ಅಮ್ಮ ಎದ್ದಳು.

ತಮ್ಮನ ಕೈ ಮೇಲೆದ್ದು ಅವಳ ಮಣಿಕಟ್ಟು ಹಿಡಿಯಿತು. ಆ ಹಿಡಿತದಲ್ಲಿ ಬಲವಿರಲಿಲ್ಲ; ಬಿಡಿಸಿಕೊಳ್ಳುವುದು ಕಷ್ಟವಾಗಿದ್ದರೆ ಚೆನ್ನಾಗಿತ್ತು.

"ಅಕ್ಕಾ, ಬೇಡ. ಈಗ ತಾನೇ ಉಸಿರು ಸಿಕ್ತು."

"ಗೊತ್ತು ಕಣೋ."

ಅಮ್ಮ ಮಗಳ ಬೆನ್ನಿಗೆ ಗುದ್ದುತ್ತಿದ್ದಳು. ಅವಳು ತಮ್ಮನ ಮುಖ ನೋಡುತ್ತಲೇ ತಿರುಪನ್ನು ಒಂದೊಂದೇ ಎಳೆ ಇಳಿಸತೊಡಗಿದಳು.