ಏಣಿ ಹಿಡಿದವಳು

ಬಿಳಿ ಟೋಪಿ, ಎಲೆಗಳ ಸಂದಿಯಲ್ಲಿ ಒಮ್ಮೆ ಕಂಡು ಮರೆಯಾಯಿತು, ಮೇಸ್ತ್ರಿಯದೇ ಇರಬೇಕು, ಇಷ್ಟು ಬೇಗ ಯಾಕೆ ಬಂದ, ಊಟದ ಹೊತ್ತಿಗೆ ಬರುತ್ತಾನೆ ಅಂತಲ್ಲವೇ ಅತ್ತಿಗೆ ಹೇಳಿದ್ದು, ಅಲ್ಲ, ಬೇರೆ ಯಾರೋ, ಟ್ರ್ಯಾಕ್ಟರ್ ಓಡಿಸುವವನೂ ಟೋಪಿ ಹಾಕುತ್ತಾನೆ — ಕೈ ನಿಲ್ಲಬಾರದು, ಕೀಳು, ಸೇಬನ್ನು ಅಂಗೈಯಲ್ಲಿ ಕೂರಿಸಿ ಮೇಲಕ್ಕೆ ಮಗುಚಿದರೆ ಸಾಕು, ತೊಟ್ಟು ತಾನಾಗಿ ಬಿಟ್ಟುಕೊಡುತ್ತದೆ, ಎಳೆಯಬಾರದು, ಎಳೆದರೆ ಬರುವ ವರ್ಷದ ಮೊಗ್ಗೂ ಜೊತೆಗೇ ಕಿತ್ತು ಬರುತ್ತದೆ, ಆ ಜಾಗದಲ್ಲಿ ಇನ್ನು ಹಣ್ಣಿಲ್ಲ. ಬೇಲಿ ಪಕ್ಕದ ಸಾಲಿನಲ್ಲಿ ಆಗಿರುವುದು ಅದೇ, ನೆಲದಲ್ಲಿ ನಿಂತು ಕೀಳುವ ಕೊಂಬೆಗಳಲ್ಲೆಲ್ಲ ಸಿಪ್ಪೆ ಸುಲಿದ ಗಾಯ, ಬೆಳಿಗ್ಗೆ ಒಡೆಯರು ಕಂಡು ಮೇಸ್ತ್ರಿಯ ಮೇಲೆ ಹರಿಹಾಯ್ದರಂತೆ, ಯಾರು ಮಾಡಿದ್ದೋ ಅವರನ್ನು ಕೆಲಸ ಬಿಡಿಸಿ ಇವತ್ತೇ ಗಾಡಿ ಹತ್ತಿಸು ಅಂದರಂತೆ. ಮಾಡಿದ್ದು ಅತ್ತಿಗೆ. ನಾನು ನೋಡಿದ್ದೇನೆ, ಏಣಿಯ ತುದಿಯಲ್ಲಿ ನಿಂತವಳಿಗೆ ಬೇಡದ್ದೂ ಕಾಣುತ್ತದೆ, ನಿನ್ನೆ ಬಿಸಿಲು ಇಳಿಯುವ ಹೊತ್ತಿಗೆ ಅತ್ತಿಗೆ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ದರದರ ಎಳೆಯುತ್ತಿದ್ದಳು, ಸಾಲು ಮುಗಿದರೆ ಸಾಕು ಅಂತ, ಪಾಪ ಅವಳ ಸೊಂಟ ಹಿಡಿದುಕೊಂಡು ವಾರವಾಯಿತು, ಅತ್ತಿಗೆ ಎಳೀಬೇಡಿ ಅಂತ ಕೂಗೋಣ ಅಂದುಕೊಂಡೆ, ಕೂಗಲಿಲ್ಲ, ಕೈ ಹಿಡಿದು ಈ ಕೆಲಸಕ್ಕೆ ಕರೆತಂದವಳಿಗೆ ನಾನು ಬುದ್ಧಿ ಹೇಳುವುದೇ. ಬೆಳಿಗ್ಗೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಾ, ನನ್ನ ಕಡೆ ನೋಡದೆ ಅಂದಳು, ಮೇಸ್ತ್ರಿ ಕೇಳಿದ್ರೆ ಮೂಗಿ ಮಾಡಿದ್ದು ಅನ್ನು, ನಿನ್ನೆ ಏಣಿ ಬಿಟ್ಟು ಆ ಕಡೆ ಹೋಗಿದ್ಲು ಅನ್ನು, ಅಷ್ಟು ಸಾಕು, ಉಳಿದಿದ್ದು ನಾವು ನೋಡ್ಕೋತೀವಿ. ಮುಖ ಒರೆಸಿಕೊಂಡು ಮತ್ತೆ ಅಂದಳು, ನಿನ್ನ ಮಗಳು ನಮ್ಮನೇಲೇ ಅಲ್ವಾ ಬೆಳೀತಿರೋದು. ಅದು ಬೆದರಿಕೆಯೋ, ಬೇಡಿಕೊಂಡದ್ದೋ, ಆಗಿನಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ, ಗೊತ್ತಾಗುತ್ತಿಲ್ಲ.

ಕೆಳಗೆ ನೋಡಬಾರದು, ನೋಡಿದರೆ ಮೂಗಿಯ ನೆತ್ತಿ ಕಾಣುತ್ತದೆ, ಬೈತಲೆಯಲ್ಲಿ ಧೂಳು, ಏಣಿಯ ಎರಡು ಕಾಲುಗಳ ಮೇಲೆ ಎರಡು ಕೈ. ಮೂಗಿ ಅಂತ ಹೆಸರಿಟ್ಟವರು ನಮ್ಮವರು, ಅವಳೇನು ಮೂಗಿಯಲ್ಲ, ಅವಳ ಮಾತು ನಮಗೆ ಬರುವುದಿಲ್ಲ ಅಷ್ಟೆ, ಹಾಗೆ ನೋಡಿದರೆ ಅವಳ ಪಾಲಿಗೆ ನಾವು ಮಲಗುವ ಶೆಡ್ಡಿಗೆ ಶೆಡ್ಡೇ ಮೂಗರು. ಅವಳು ಬಂದ ದಿನವೇ ಹಗ್ಗ ಕಟ್ಟಿ ಕಂಬಳಿ ಇಳಿಬಿಟ್ಟರು, ಆ ಕಡೆ ಅವಳೊಬ್ಬಳು, ಈ ಕಡೆ ನಾವೆಲ್ಲ, ಆ ಜನ ಕೈ ಕೊಳಕರು, ಆ ಜನಕ್ಕೆ ಒಂಥರಾ ವಾಸನೆ, ಆ ಜನ ಕುಡಿದ ಲೋಟ ಎಷ್ಟು ತಿಕ್ಕಿದರೂ ಅಷ್ಟೇ — ಯಾರು ಕಂಡದ್ದು ಅಂದರೆ ಯಾರೂ ಕಂಡಿಲ್ಲ, ಎಲ್ಲರಿಗೂ ಗೊತ್ತು. ಅವಳ ಜೊತೆ ಏಣಿಗೆ ಯಾರು ಅಂದಾಗ ಕಡ್ಡಿ ಹೋಗಲಿ ಅಂದರು, ಕಡ್ಡಿ ಅಂದರೆ ನಾನು, ಹಗುರ, ಗಂಡ ಬಿಟ್ಟವಳು, ಬಾಯಿಲ್ಲದವಳು, ಎತ್ತರಕ್ಕೆ ಹತ್ತಿದರೆ ಕಾಲು ನಡುಗುತ್ತದೆ ಅಂತ ಹೇಳಿಕೊಳ್ಳಲೂ ಆಗದವಳು. ಮೊದಲ ದಿನ ಅರ್ಧ ಹತ್ತಿ ನಿಂತುಬಿಟ್ಟಿದ್ದೆ, ಮೇಲೂ ಇಲ್ಲ ಕೆಳಗೂ ಇಲ್ಲ, ಅವಳು ನನ್ನ ಹಿಮ್ಮಡಿಯ ಕೆಳಗೆ ಅಂಗೈ ಇಟ್ಟಳು, ತಳ್ಳಲಿಲ್ಲ, ಸುಮ್ಮನೆ ಇಟ್ಟಳು, ಹತ್ತಿದೆ. ಪೈಪಿನ ನೀರು ಬಿದ್ದು ಮಣ್ಣು ಮೆತ್ತಗೆ, ಹಿಡಿಯದಿದ್ದರೆ ಏಣಿ ಜಾರುತ್ತದೆ, ಅದಕ್ಕೇ ನಾನು ಮೇಲಿರುವಷ್ಟು ಹೊತ್ತು ಅವಳು ಕೈ ತೆಗೆಯುವುದಿಲ್ಲ, ಮೂಗಿನ ಮೇಲೆ ನೊಣ ಕೂತರೂ ಊದಿ ಓಡಿಸುತ್ತಾಳೆ, ನನಗೆ ನಗು ಬರುತ್ತದೆ, ನಾನು ನಕ್ಕರೆ ಬೈಯುತ್ತಾಳೆ, ಏನೋ ಅಂತಾಳೆ, ಬೈಗುಳಕ್ಕೆ ಭಾಷೆ ಬೇಕಿಲ್ಲ. ಚೀಲ ತುಂಬಿ ಇಳಿದಾಗ ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತೇವೆ, ಶೆಡ್ಡಿನವರಿಗೆ ಗೊತ್ತಾದರೆ ನನಗೂ ಒಂದು ಕಂಬಳಿ ಕಟ್ಟುತ್ತಾರೆ. ಒಂದು ಸಲ ಅವಳು ಕೈಯಲ್ಲೇ ಎತ್ತರ ತೋರಿಸಿದಳು, ಇಷ್ಟುದ್ದ ಒಬ್ಬ, ಇಷ್ಟುದ್ದ ಇನ್ನೊಬ್ಬ, ನಾನು ಮೊಣಕಾಲ ಹತ್ತಿರ ಕೈ ಇಟ್ಟು ನನ್ನ ಮಗಳನ್ನು ತೋರಿಸಹೋದೆ, ಅಷ್ಟರಲ್ಲಿ ಈಗ ಎಷ್ಟುದ್ದ ಆಗಿದ್ದಾಳೋ ಅನ್ನಿಸಿ ಕೈ ಅಲ್ಲೇ ನಿಂತಿತು, ಅವಳು ನನ್ನ ಕೈ ಹಿಡಿದು ಮೆಲ್ಲಗೆ ಒಂದಿಷ್ಟು ಮೇಲಕ್ಕೆ ಎತ್ತಿದಳು, ಬೆಳೆದಿರುತ್ತಾಳೆ ಅನ್ನುವಂತೆ, ನಾನು ಅತ್ತುಬಿಟ್ಟೆ, ಅವಳು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ನನ್ನ ಮುಖ ಒರೆಸಿದಳು, ಬಟ್ಟೆಯಲ್ಲಿ ಸೋಪಿನ ವಾಸನೆ, ಒಂಥರಾ ವಾಸನೆ ಅಂದರೆ ಇದೇನಾ. ಮತ್ತೆ ಸಂಜೆ ಶೆಡ್ಡಿಗೆ ಹೋದರೆ ನಾನು ಕಂಬಳಿಯ ಈಚೆ, ಅವಳ ಕಡೆ ತಿರುಗಿಯೂ ನೋಡುವುದಿಲ್ಲ, ಅವಳೂ ಕರೆಯುವುದಿಲ್ಲ, ನನ್ನ ಕಷ್ಟ ಅವಳಿಗೆ ಹೇಳದೆಯೇ ಅರ್ಥವಾಗಿದೆ, ಅದೇ ನನಗೆ ತಡೆಯಲಾಗದ್ದು. ನಿನ್ನೆ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಅವಳು ಇದೇ ಏಣಿಯ ಕೆಳಗೆ ಇದ್ದಳು, ನನಗೊಬ್ಬಳಿಗೇ ಗೊತ್ತು, ಬೇರೆ ಯಾರ ಮಾತೂ ಬೇಕಾಗಿಲ್ಲ, ನನ್ನದೊಂದೇ ಸಾಕು, ಅದಕ್ಕೇ ಎಲ್ಲರೂ ನನ್ನ ಬಾಯಿಯನ್ನೇ ಕಾಯುತ್ತಿದ್ದಾರೆ.

ಟೋಪಿ ಬಂದೇಬಿಟ್ಟಿತು, ಮೇಸ್ತ್ರಿಯೇ, ಹಿಂದೆ ಅತ್ತಿಗೆ, ಅತ್ತಿಗೆಯ ಹಿಂದೆ ಶೆಡ್ಡಿನ ಹೆಂಗಸರೆಲ್ಲ, ಕೈಯಲ್ಲೊಂದು ಹಣ್ಣು, ಇದನ್ನು ಚೀಲಕ್ಕೆ ಹಾಕಲೂ ಮರೆತಿದ್ದೇನೆ. ಏಯ್ ಮೂಗಿ, ಬಾ ಇಲ್ಲಿ, ಅಂದ ಮೇಸ್ತ್ರಿ. ಅವಳು ಅವನನ್ನು ನೋಡಿದಳು, ತಲೆಯೆತ್ತಿ ನನ್ನನ್ನು ನೋಡಿದಳು, ಅಲ್ಲೇ ನಿಂತಳು. ಕೈ ಬೀಸಿ ಕರೆದ, ಕಾಲು ನೆಲಕ್ಕೆ ಬಡಿದು ಕರೆದ, ಅವಳು ಕದಲಲಿಲ್ಲ. ನೋಡಿ ಸೊಕ್ಕು, ಅತ್ತಿಗೆ ಅಂದಳು, ಕರೆದ್ರೂ ಬರಲ್ಲ, ನಿನ್ನೆ ಯಾರೂ ಕರೀದೆ ಹೋಗಿ ಸಾಲು ಹಾಳು ಮಾಡಿದ್ಲು. ಸೊಕ್ಕಲ್ಲ, ಅಯ್ಯೋ, ಸೊಕ್ಕಲ್ಲ, ನಾನು ಮೇಲಿದ್ದೇನೆ ಅದಕ್ಕೇ, ಯಾರ ಕಣ್ಣಿಗೂ ಕಾಣುತ್ತಿಲ್ಲವೇ, ಮೇಸ್ತ್ರಿ ಕರೆದರೂ ಏಣಿ ಬಿಡದವಳು ನಿನ್ನೆ ಸುಮ್ಮಸುಮ್ಮನೆ ಬಿಟ್ಟು ಹೋದಾಳೇ, ಇದೊಂದು ಮಾತು ಅಂದರೆ ಮುಗಿಯಿತು, ನಾಲಿಗೆಯ ತುದಿಯಲ್ಲೇ ಇದೆ, ಅಂದರೆ ಮುಂದಿನ ಪ್ರಶ್ನೆ ಮತ್ತೆ ಯಾರು ಮಾಡಿದ್ದು, ಆಮೇಲೆ ಅತ್ತಿಗೆ, ಆಮೇಲೆ ಅಣ್ಣನ ಮನೆಯ ಬಾಗಿಲು, ಬಾಗಿಲ ಒಳಗೆ ನನ್ನ ಮಗಳು. ಮೇಸ್ತ್ರಿ ಟೋಪಿ ತೆಗೆದು ಮೇಲೆ ನೋಡಿದ, ನೀನು ಹೇಳಮ್ಮ, ನಿನ್ನೆ ಇವಳು ಏಣಿ ಬಿಟ್ಟು ಹೋಗಿದ್ಲಾ. ಅತ್ತಿಗೆಯೂ ಮೇಲೆ ನೋಡಿದಳು, ಅವಳ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನಾನು ನಿಜ ಹೇಳಿಬಿಡುತ್ತಿದ್ದೆ, ಸಿಟ್ಟಿರಲಿಲ್ಲ, ಹೆದರಿಕೆ ಇತ್ತು, ನನ್ನ ಮಗಳಿಗೆ ಜಡೆ ಹಾಕುವ ಅತ್ತಿಗೆ. ಹೋಗಿದ್ಲು, ಅಂದೆ. ಯಾರ ದನಿ ಅದು, ನನ್ನದೇ, ಇನ್ನೊಂದು ಸಲ ಜೋರಾಗಿ ಹೇಳು ಅಂದ, ಹೋಗಿದ್ಲು ಅಂತ ಇನ್ನೊಂದು ಸಲ ಅಂದೆ. ಸಾಮಾನು ತಗೊಂಡು ಗಾಡಿ ಹತ್ತಿಸಿ, ಅಂದ. ಅವಳಿಗೆ ಏನು ತಿಳಿದೀತು, ನನ್ನ ದನಿ ಕೇಳಿಸಿತು ಅಷ್ಟೆ, ತನ್ನ ಪರವಾಗಿ ಏನೋ ಹೇಳಿದೆ ಅಂದುಕೊಂಡಳೋ ಏನೋ, ತಲೆಯೆತ್ತಿ ನಕ್ಕಳು, ಹುಬ್ಬಿನಲ್ಲೇ ಕೇಳಿದಳು, ಏನಂತೆ. ಇಬ್ಬರು ಬಂದು ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದಾರೆ, ರಟ್ಟೆ ಬಂತು, ಭುಜ ಬಂತು, ಕೈ ಬರಲಿಲ್ಲ, ನನಗೆ ಗಲ್ಲದಲ್ಲೇ ಸನ್ನೆ ಮಾಡುತ್ತಿದ್ದಾಳೆ, ಇಳಿ, ಮೆಲ್ಲಗೆ ಇಳಿ, ನೀನು ಇಳಿದರೆ ನಾನು ಹೋಗಿ ಬರುತ್ತೇನೆ, ಇಳಿದರೆ ಬಿಡುತ್ತಾಳೆ, ಬಿಟ್ಟರೆ ಹೋಗುತ್ತಾಳೆ, ಇಳಿಯಲಾರೆ, ಎಲ್ಲರೂ ಕೂಗುತ್ತಿದ್ದಾರೆ, ಮೇಲೆ ನನ್ನ ಕಾಲು ನಡುಗುತ್ತಿದೆ, ಕೆಳಗೆ ಏಣಿ ನಡುಗುತ್ತಿಲ್ಲ, ಒಂದಿಷ್ಟೂ ನಡುಗುತ್ತಿಲ್ಲ, ಎರಡು ಕೈ, ಬೆರಳ ಗೆಣ್ಣುಗಳು ಬಿಳಿಚಿಕೊಂಡಿವೆ, ಎಳೆಯುತ್ತಿದ್ದಾರೆ, ಒತ್ತಿ ಹಿಡಿದಿವೆ, ಎರಡು ಕೈ